ಕೊಡಗಿನ ಹಳ್ಳಿಯ ಚರ್ಚೊಂದರ ಚರಿತ್ರೆಯನ್ನು ಬರೆಯುವ ಬಗೆ

ಶತಮಾನೋತ್ಸವವೋ ಸುವರ್ಣ ಮಹೋತ್ಸವವೋ ಸಮೀಪಿಸಿದಾಗ ಕೊಡಗಿನ ಧರ್ಮಕೇಂದ್ರಗಳಲ್ಲಿ, ಅಂದರೆ ಚರ್ಚು ಮತ್ತು ಅದಕ್ಕೆ ಸೇರಿದ ಜನಸಮುದಾಯಗಳಲ್ಲಿ, ಸ್ಮರಣ ಸಂಚಿಕೆ ತರುವ ಮಾತು ಏಳುತ್ತದೆ, ‘ನಮ್ಮ ಚರ್ಚಿನ ಇತಿಹಾಸ’ ಎಂಬ ನಾಲ್ಕು ಪುಟಗಳನ್ನು ಬರೆಯುವ ಹೊಣೆ ಊರಿನ ನಿವೃತ್ತ ಶಿಕ್ಷಕರ ಮೇಲೋ ಕನ್ನಡವನ್ನು ಚೆನ್ನಾಗಿ ಬಲ್ಲ ಯುವಜನರ ಮೇಲೋ ಬೀಳುತ್ತದೆ. ಸಮಯ ಸಾಲದಿರುವುದರಿಂದ ಹಿಂದಿನ ಸಂಚಿಕೆಯ ಬರಹವನ್ನೇ ತುಸು ತಿದ್ದಿ ಮತ್ತೆ ಅಚ್ಚು ಹಾಕಿಸುವುದು ರೂಢಿ. ಆ ಬರಹವೂ ಅದಕ್ಕಿಂತ ಹಿಂದಿನದರ ಪ್ರತಿಯಾಗಿರುವುದರಿಂದ, ಒಮ್ಮೆ ತಪ್ಪಾಗಿ ಅಚ್ಚಾದ ಇಸವಿ ಮೂರು ತಲೆಮಾರಿನವರೆಗೂ ನಿಜವೆಂದೇ ಚಲಾವಣೆಯಲ್ಲಿರುತ್ತದೆ. ಅಂಥ ಹೊಣೆಯನ್ನು ಹೊತ್ತವರಿಗೆ, ಹೊಸದಾಗಿ ಹುಡುಕಿ ಬರೆಯುವ ಮನಸ್ಸಿರುವವರಿಗೆ ಈ ಮಾರ್ಗದರ್ಶಿ.

ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿಯೆಂದರೆ, ಕೊಡಗಿನ ಚರ್ಚಿನ ಚರಿತ್ರೆಯನ್ನು ಕೊಡಗಿನೊಳಗೇ ಕುಳಿತು ಪೂರ್ತಿಯಾಗಿ ಬರೆಯಲಾಗದು. ಕೊಡಗಿಗೆ ಸಮುದ್ರವಿಲ್ಲದಿದ್ದರೂ ಇಲ್ಲಿನ ಕ್ರೈಸ್ತರಲ್ಲಿ ಬಹಳಷ್ಟು ಮಂದಿಯ ಬೇರು ಕರಾವಳಿಯಲ್ಲಿದೆ. ಸಂಪಾಜೆ ಘಾಟಿಯನ್ನು ಹತ್ತಿ ಮಂಗಳೂರು ಕಡೆಯಿಂದ ಬಂದವರು, ಮಾಕುಟ್ಟದ ದಾರಿಯಲ್ಲಿ ಕಣ್ಣೂರು, ತಲಶ್ಶೇರಿಗಳ ಕಡೆಯಿಂದ ಬಂದವರು, ಕಾಫಿ ತೋಟದ ಕೆಲಸಕ್ಕಾಗಿ ತಮಿಳು ನಾಡಿನಿಂದಲೂ ಮೈಸೂರು ಸೀಮೆಯಿಂದಲೂ ಬಂದವರು, ಹೀಗೆ ಒಂದೇ ಚರ್ಚಿನ ಬೆಂಚುಗಳಲ್ಲಿ ಮೂರು ನಾಲ್ಕು ಭಾಷೆಗಳ ಕುಟುಂಬಗಳು ಕುಳಿತಿವೆ. ಆದ್ದರಿಂದ ಬರಹಕ್ಕೆ ತೊಡಗುವ ಮೊದಲು ಧರ್ಮಕೇಂದ್ರದ ಹಳೆಯ ಕುಟುಂಬಗಳ ಒಂದು ಪಟ್ಟಿ ಮಾಡಿ, ಪ್ರತಿಯೊಂದೂ ಯಾವ ದಾರಿಯಿಂದ, ಯಾವ ಕೆಲಸದ ನಿಮಿತ್ತ ಬಂತು ಎಂಬುದನ್ನು ಹೆಸರಿನ ಎದುರು ಬರೆದಿಟ್ಟುಕೊಳ್ಳಬೇಕು. ಮುಂದೆ ಯಾವ ಊರಿನ ಯಾವ ದಾಖಲೆಯನ್ನು ಹುಡುಕಬೇಕೆಂಬುದನ್ನು ಆ ಪಟ್ಟಿಯೇ ತಿಳಿಸುತ್ತದೆ.

ಇದಕ್ಕೆ ವಿರಾಜಪೇಟೆಗಿಂತ ಒಳ್ಳೆಯ ಉದಾಹರಣೆ ಸಿಗದು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಕರಾವಳಿಯ ಬಹುತೇಕ ಚರ್ಚುಗಳನ್ನು ಕೆಡವಲಾಯಿತು. ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಆಶ್ರಯ ನೀಡಿದ. ಆತನೇ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ಪಾರಾಗಿ ಬಂದವನು. ಇಂಗ್ಲಿಷ್ ಸೇನಾನಿ ಅಬರ್‌ಕ್ರೋಂಬಿಯನ್ನು 1791ರಲ್ಲಿ ತಾನು ಭೇಟಿಯಾದುದರ ನೆನಪಿಗೆ ಮರುವರ್ಷ ವಿರಾಜಪೇಟೆಯನ್ನು ಕಟ್ಟಿಸಿದ, ಮತ್ತು ಅಲ್ಲಿನ ಸಂತ ಅನ್ನಮ್ಮ ಚರ್ಚಿನ ಆರಂಭವನ್ನೂ ಅದೇ 1792ಕ್ಕೆ ಸೇರಿಸಿ ಹೇಳಲಾಗುತ್ತದೆ. ಹೀಗೆ ಒಂದು ಮಲೆನಾಡಿನ ಪೇಟೆಯ ಚರ್ಚು ಹುಟ್ಟಲು ಕರಾವಳಿಯ ಒಂದು ದುರಂತ, ಮೈಸೂರಿನ ಒಂದು ಯುದ್ಧ, ಕೊಡಗಿನ ಒಬ್ಬ ಅರಸನ ನಿರ್ಧಾರ ಮೂರೂ ಕೂಡಿ ಕಾರಣವಾದವು. ನಿಮ್ಮ ಚರ್ಚು ಇದಕ್ಕಿಂತ ನೂರು ವರ್ಷ ಎಳೆಯದಾಗಿದ್ದರೂ ಅದರ ಮೊದಲ ಮನೆತನಗಳು ವಿರಾಜಪೇಟೆಯಿಂದ ಚದುರಿದವುಗಳೇ ಆಗಿರಬಹುದು, ಕೇಳಿ ನೋಡಬೇಕು.

ಮುಂದಿನ ಕೆಲಸ ಇಸವಿಗಳನ್ನು ಬಿಡಿಸಿಕೊಳ್ಳುವುದು. ‘ಚರ್ಚು ಸ್ಥಾಪನೆಯಾದ ವರ್ಷ’ ಎಂದು ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ. ಮೊದಲ ಕುಟುಂಬಗಳು ನೆಲೆನಿಂತ ವರ್ಷ ಒಂದು. ಬೇರೆ ಊರಿನ ಪಾದ್ರಿಗಳು ಬಂದು ಹುಲ್ಲು ಮಾಡಿನ ಪ್ರಾರ್ಥನಾಲಯದಲ್ಲಿ ಬಲಿಪೂಜೆ ನಡೆಸತೊಡಗಿದ ವರ್ಷ ಇನ್ನೊಂದು. ಸ್ವತಂತ್ರ ಧರ್ಮಕೇಂದ್ರವೆಂದು ಬಿಷಪ್ಪರು ಘೋಷಿಸಿ ನಿವಾಸಿ ಗುರುಗಳನ್ನು ನೇಮಿಸಿದ ವರ್ಷ ಮತ್ತೊಂದು. ಈಗ ಕಾಣುವ ಕಟ್ಟಡದ ಅಡಿಗಲ್ಲು ಮತ್ತು ಆಶೀರ್ವಚನದ ದಿನಗಳು ಬೇರೆಯೇ. ಇವುಗಳ ನಡುವೆ ಎಷ್ಟೋ ಕಡೆ ಅರ್ಧ ಶತಮಾನದ ಅಂತರವಿರುತ್ತದೆ. ವಿರಾಜಪೇಟೆಯ ಗಾಥಿಕ್ ಶೈಲಿಯ ಎತ್ತರದ ಗೋಪುರವನ್ನು ನೋಡಿ 1792 ಎಂಬ ಇಸವಿಯನ್ನು ಅದರ ಕಲ್ಲುಗಳಿಗೇ ಅಂಟಿಸುವವರಿದ್ದಾರೆ. ಆ ಇಸವಿ ಸಲ್ಲುವುದು ಅಲ್ಲಿ ನೆಲೆನಿಂತ ಜನರಿಗೆ. ಬರಹದಲ್ಲಿ ಯಾವ ಇಸವಿ ಯಾವುದಕ್ಕೆ ಸಲ್ಲುತ್ತದೆಂದು ಪ್ರತಿ ಸಲವೂ ಬಿಡಿಸಿ ಹೇಳಬೇಕು.

ಅರಸರ ಕಾಲದ ದಾನಪತ್ರವೋ ಸನ್ನದೋ ಸಿಕ್ಕರೆ ಅದರಲ್ಲಿ ಇಸವಿಯ ಬದಲು ಶಾಲಿವಾಹನ ಶಕವರ್ಷ ಮತ್ತು ಸಂವತ್ಸರದ ಹೆಸರು ಇರುತ್ತವೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ. ವರ್ಷ ಯುಗಾದಿಯಿಂದ ಆರಂಭವಾಗುವುದರಿಂದ ಪುಷ್ಯ, ಮಾಘ, ಫಾಲ್ಗುಣಗಳ ತಿಥಿಗಳಿಗೆ ಸಾಮಾನ್ಯವಾಗಿ 79 ಕೂಡಿಸಬೇಕಾಗುತ್ತದೆ. ಸಂವತ್ಸರದ ಹೆಸರು ಈ ಲೆಕ್ಕವನ್ನು ಪರೀಕ್ಷಿಸಲು ನೆರವಾಗುತ್ತದೆ. ಶಕ 1714ಕ್ಕೆ ಪರಿಧಾವಿ ಸಂವತ್ಸರ ಹೊಂದುತ್ತದೆ, ಅದು 1792-93. ಎರಡೂ ಹೊಂದದಿದ್ದರೆ ಪ್ರತಿ ಮಾಡಿದವರ ಕೈತಪ್ಪು ಇರಬಹುದೆಂದು ಎಚ್ಚರಗೊಳ್ಳಬೇಕು.

ಇನ್ನು ಚರ್ಚಿನ ದಫ್ತರುಗಳು. ಚರಿತ್ರೆಗೆ ಇವುಗಳಿಗಿಂತ ದೊಡ್ಡ ಆಸ್ತಿ ಇಲ್ಲ, ಆದರೂ ಇವುಗಳನ್ನು ತೆರೆದು ನೋಡಿದವರು ಬಹಳ ಕಡಿಮೆ. ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹ ದಾಖಲೆಯನ್ನು ಕಡ್ಡಾಯ ಮಾಡಿದ ಕಾಲದಿಂದ ಕಥೋಲಿಕ ಧರ್ಮಗುರುಗಳು ಇಂಥ ಪುಸ್ತಕಗಳನ್ನು ಇಡಬೇಕಾಗಿ ಬಂದಿದೆ; ಈಗ ಜಾರಿಯಲ್ಲಿರುವ 1983ರ ಧರ್ಮಸಭೆಯ ಕಾನೂನು ಸಂಹಿತೆ ಕೂಡ ಜ್ಞಾನಸ್ನಾನ (ಕ್ರೈಸ್ತ ದೀಕ್ಷೆಯ ಸ್ನಾನ), ವಿವಾಹ ಮತ್ತು ಮರಣಗಳ ಪುಸ್ತಕಗಳನ್ನು ಇಡಬೇಕೆಂದು, ಹಳೆಯವನ್ನು ಜತನದಿಂದ ಕಾಪಾಡಬೇಕೆಂದು ವಿಧಿಸುತ್ತದೆ. ಧರ್ಮಗುರುಗಳ ಅನುಮತಿಯನ್ನು ಬಾಯಿಮಾತಿನಲ್ಲಿ ಪಡೆದರೆ ಸಾಲದು. ಏನನ್ನು ನೋಡುತ್ತೀರಿ, ಏನನ್ನು ಅಚ್ಚು ಹಾಕಿಸುತ್ತೀರಿ ಎಂಬುದನ್ನು ಬರೆದು ಕೊಟ್ಟು ಸಹಿ ಪಡೆಯುವುದು ಒಳ್ಳೆಯದು, ಏಕೆಂದರೆ ಕೆಲಸ ಮುಗಿಯುವ ಮೊದಲೇ ಗುರುಗಳಿಗೆ ವರ್ಗವಾಗಬಹುದು.

ಕೊಡಗಿನಲ್ಲಿ ಈ ಕೆಲಸಕ್ಕೆ ಕಾಲವನ್ನೂ ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ಗಾಳಿಯ ತೇವವನ್ನು ಹೀರಿ ಮೆತ್ತಗಾಗಿರುತ್ತದೆ, ಹಾಳೆಗಳು ಒಂದಕ್ಕೊಂದು ಹತ್ತಿಕೊಂಡಿರುತ್ತವೆ. ಆಗ ಬಿಡಿಸಹೊರಟರೆ ಹರಿಯುತ್ತವೆ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿ ಕಳೆದ ಮೇಲೆ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ ಪುಸ್ತಕಗಳನ್ನು ತೆರೆಯಬೇಕು. ಒದ್ದೆಯಾದುದನ್ನು ಬಿಸಿಲಿಗೆ ಹರಡಬಾರದು; ನೆರಳಿನಲ್ಲಿ, ಹಾಳೆಗಳ ನಡುವೆ ನೀರು ಹೀರುವ ಕಾಗದವಿಟ್ಟು, ಫ್ಯಾನಿನ ಗಾಳಿಗೆ ನಿಧಾನವಾಗಿ ಒಣಗಿಸಬೇಕು. ಹರಿದ ಅಂಚಿಗೆ ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಕಾಗದಕ್ಕೆ ಹಾನಿ. ಪೆನ್ನನ್ನು ಮೇಜಿನ ಮೇಲೆ ಇಡದೆ ಪೆನ್ಸಿಲ್‌ನಲ್ಲೇ ಬರೆದುಕೊಳ್ಳಬೇಕು, ಎಂಜಲು ಬೆರಳಿನಿಂದ ಹಾಳೆ ತಿರುವಬಾರದು, ಮೊದಲ ಪುಟದಿಂದ ಕೊನೆಯವರೆಗೆ ಖಾಲಿ ಪುಟವನ್ನೂ ಬಿಡದೆ ಫ್ಲಾಶ್ ಇಲ್ಲದೆ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ತಾಲ್ಲೂಕಿನ ಗುಡ್ಡಗಳು ಕುಸಿದಾಗ ಎಷ್ಟೋ ಮನೆಗಳ ದಾಖಲೆ ಪತ್ರಗಳು ಮಣ್ಣು ಪಾಲಾದವು. ಆ ಮಳೆಯನ್ನು ಕಂಡ ಮೇಲೂ ಒಂದೇ ಪ್ರತಿ ಇರುವ ಪುಸ್ತಕವನ್ನು ಒಂದೇ ಕಪಾಟಿನಲ್ಲಿ ಬಿಡುವುದು ನನ್ನ ಮಟ್ಟಿಗೆ ಕ್ಷಮಿಸಲಾಗದ ಉದಾಸೀನ.

ಹಳೆಯ ದಾಖಲೆಗಳು ಲ್ಯಾಟಿನ್‌ನಲ್ಲಿರುತ್ತವೆಂದು ಹೆದರಬೇಕಾಗಿಲ್ಲ. ವಾಕ್ಯಗಳ ಅಚ್ಚು ಒಂದೇ: ದಿನ, ತಿಂಗಳು, ಜ್ಞಾನಸ್ನಾನ ನೀಡಿದವರ ಹೆಸರು, ಮಗುವಿನ ಹೆಸರು, ತಂದೆ ತಾಯಿ, ಅವರ ಊರು, ಮಗುವಿನ ಜ್ಞಾನಸ್ನಾನಕ್ಕೆ ಹೊಣೆ ನಿಂತ ಜ್ಞಾನಪಿತೃ, ಜ್ಞಾನಮಾತೃ. ಹತ್ತಿಪ್ಪತ್ತು ಓದಿದ ಮೇಲೆ ಕಣ್ಣು ಪಳಗುತ್ತದೆ. ತಿಂಗಳ ವಿಷಯದಲ್ಲಿ ಮಾತ್ರ ಒಂದು ಹಳ್ಳ ಇದೆ. ಸಂಕ್ಷೇಪದಲ್ಲಿ ಬರೆಯುವ ಗುರುಗಳು ಅಂಕೆ 7ರ ಪಕ್ಕ ‘ಬ್ರಿಸ್’ ಎಂದು ಸೇರಿಸಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಅದೇ ರೀತಿ 8 ಎಂದರೆ ಅಕ್ಟೋಬರ್, 9 ಎಂದರೆ ನವೆಂಬರ್, 10 ಎಂದರೆ ಡಿಸೆಂಬರ್. ಅಂಚಿನ ಟಿಪ್ಪಣಿಗಳನ್ನು ಎಂದೂ ಬಿಡಬಾರದು. 1908ರಿಂದ ಜಾರಿಗೆ ಬಂದ ನಿಯಮದಂತೆ ವ್ಯಕ್ತಿಯ ಮದುವೆಯನ್ನು ಆತನ ಜ್ಞಾನಸ್ನಾನದ ದಾಖಲೆಯ ಬದಿಯಲ್ಲಿ ನಮೂದಿಸಬೇಕಾದುದರಿಂದ, ಸುಂಟಿಕೊಪ್ಪದಲ್ಲಿ ಹುಟ್ಟಿದವರು ಎಲ್ಲಿ ಹೋಗಿ ಸಂಸಾರ ಹೂಡಿದರೆಂಬುದು ಆ ಅಂಚಿನಲ್ಲೇ ಸಿಗಬಹುದು. ಉಪನಾಮಗಳು ಬರೆದ ಗುರುಗಳ ಕಿವಿಗೆ ತಕ್ಕಂತೆ ಬದಲಾಗುತ್ತವೆ: ಒಂದೇ ಮನೆಯವರು ಒಂದು ಪುಟದಲ್ಲಿ ಸೋಜ, ಇನ್ನೊಂದರಲ್ಲಿ ಡಿಸೋಜ ಆಗಿರುತ್ತಾರೆ. ಆದ್ದರಿಂದ ಉಪನಾಮಕ್ಕಿಂತ ಊರಿನ ಹೆಸರನ್ನೂ ಜ್ಞಾನಪಿತೃಗಳ ಹೆಸರನ್ನೂ ಹಿಡಿದು ಮನೆತನವನ್ನು ಗುರುತಿಸುವುದು ಹೆಚ್ಚು ಭದ್ರ.

ಸಾಲುಗಳನ್ನು ಓದಿ ಬಿಟ್ಟರೆ ಸಾಲದು, ಎಣಿಸಬೇಕು. ವರ್ಷಕ್ಕೆ ಎಷ್ಟು ಜ್ಞಾನಸ್ನಾನ, ಎಷ್ಟು ಮರಣ ಎಂದು ಒಂದು ಕೋಷ್ಟಕ ಮಾಡಿದರೆ ಊರಿನ ಏಳುಬೀಳು ಕಣ್ಣೆದುರು ನಿಲ್ಲುತ್ತದೆ. 1850ರ ದಶಕದಲ್ಲಿ ಯುರೋಪಿಯನ್ ತೋಟಗಾರರು ಕೊಡಗಿನಲ್ಲಿ ಕಾಫಿ ತೋಟಗಳನ್ನು ಎಬ್ಬಿಸತೊಡಗಿದ ಮೇಲೆ ಹೊಸ ಊರುಗಳ ಹೆಸರು, ತಮಿಳು ಹೆಸರುಗಳು ಕಾಣಿಸತೊಡಗುತ್ತವೆ. ಒಂದೆರಡು ತಿಂಗಳಲ್ಲಿ ಮರಣಗಳು ಒಮ್ಮೆಲೇ ಏರಿದ್ದರೆ ಮಲೇರಿಯವೋ, ಕಾಲರಾವೋ, 1918ರ ಇನ್‌ಫ್ಲುಯೆಂಜವೋ ಎಂದು ಆ ವರ್ಷದ ಸರಕಾರಿ ವರದಿಗಳೊಂದಿಗೆ ತಾಳೆ ನೋಡಬೇಕು.

ನಿಮ್ಮ ಚರ್ಚಿನ ಕಪಾಟಿನಲ್ಲಿ ಸಿಗದಿರುವುದು ಎಲ್ಲಿ ಸಿಗುತ್ತದೆಂಬುದು ಆಡಳಿತದ ಗಡಿಗಳನ್ನು ಅವಲಂಬಿಸಿದೆ, ಈ ಗಡಿಗಳು ಕಾಲಕಾಲಕ್ಕೆ ಬದಲಾಗಿವೆ. ಹದಿನೆಂಟನೆಯ ಶತಮಾನದಲ್ಲಿ ಕರಾವಳಿಯ ಕಥೋಲಿಕರು ಗೋವಾದ ಆರ್ಚ್‌ಬಿಷಪ್ಪರ ಅಧಿಕಾರಕ್ಕೆ ಒಳಪಟ್ಟಿದ್ದರು. ಮೈಸೂರಿನಲ್ಲಿ ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು ದುಡಿದರು. ಮಂಗಳೂರಿಗೆ 1878ರ ಕೊನೆಯ ದಿನ ಯೇಸುಸಭೆಯ (ಜೆಸ್ವಿಟ್) ಗುರುಗಳು ಬಂದಿಳಿದರು, ಮತ್ತು 1886ರಲ್ಲಿ ಮೈಸೂರು, ಮಂಗಳೂರುಗಳೆರಡೂ ಬಿಷಪ್ಪರ ಆಡಳಿತದ ಧರ್ಮಪ್ರಾಂತ್ಯಗಳಾದವು. ಕೊಡಗು ಇಂದು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದೆ. ಇದರ ಅರ್ಥ, ಜನ ಮಂಗಳೂರಿನಿಂದ ಬಂದಿದ್ದರೂ ಗುರುಗಳ ಪತ್ರವ್ಯವಹಾರ ಮೈಸೂರಿನಲ್ಲೂ ಪ್ಯಾರಿಸ್‌ನಲ್ಲೂ ಇರುವ ಸಂಭವವೇ ಹೆಚ್ಚು. ಫ್ರೆಂಚ್ ಗುರುಗಳ ಜೀವನ ವಿವರಗಳನ್ನೂ ಮಿಷನ್ನಿನ ವಾರ್ಷಿಕ ವರದಿಗಳನ್ನೂ ಆ ಸಂಸ್ಥೆಯ ಪತ್ರಾಗಾರ ಅಂತರಜಾಲದಲ್ಲಿ ಒದಗಿಸುತ್ತದೆ. ನಿಮ್ಮ ಹಳೆಯ ಗುರುಗಳ ಹೆಸರು ಫ್ರೆಂಚ್ ಆಗಿದ್ದರೆ ಮೊದಲು ಅಲ್ಲಿ ಹುಡುಕಿ, ಬಳಿಕ ಮೈಸೂರಿನ ಬಿಷಪ್ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಕುಟುಂಬಗಳ ಬೇರು ಹುಡುಕಲು ಮಾತ್ರ ಅವರ ಮೂಲ ಊರಿನ ಕರಾವಳಿ ಚರ್ಚಿಗೇ ಹೋಗಬೇಕು. ಆದರೆ ಕೆಡವಿದ ಚರ್ಚುಗಳ ಪುಸ್ತಕಗಳೂ ನಾಶವಾದುದರಿಂದ 1784ಕ್ಕಿಂತ ಹಿಂದಿನದನ್ನು ಹೆಚ್ಚು ನಿರೀಕ್ಷಿಸಬಾರದು.

ಪ್ರಾಟೆಸ್ಟೆಂಟ್ ಸಭೆಗಳ ದಾರಿ ಬೇರೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಅದರ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದು ಕೆಲಸ ಆರಂಭಿಸಿದರು. ಅಮ್ಮತ್ತಿ ಕಡೆಯ ಆನಂದಪುರದ ಕ್ರೈಸ್ತ ನೆಲೆ ಅವರ ಪ್ರಯತ್ನದಿಂದ ಹುಟ್ಟಿದ್ದು. 1947ರಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡ ಮೇಲೆ ಈ ಸಭೆಗಳು ಅದಕ್ಕೆ ಸೇರಿದವು, ಇಂದಿಗೂ ಅವುಗಳ ಆಡಳಿತದ ನಂಟು ಮಂಗಳೂರಿನೊಂದಿಗಿದೆ. ಅವುಗಳ ದಾಖಲೆಗಳಿಗಾಗಿ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹವನ್ನೂ ಬಾಸೆಲ್ ನಗರದ ಮಿಷನ್ ಪತ್ರಾಗಾರವನ್ನೂ ನೋಡಬೇಕು. ಅಲ್ಲಿನ ಹಳೆಯ ಛಾಯಾಚಿತ್ರಗಳನ್ನು ಮನೆಯಿಂದಲೇ ಅಂತರಜಾಲದಲ್ಲಿ ನೋಡಬಹುದು.

ಜಮೀನಿನ ಕಾಗದಗಳು ಒಣ ಓದು, ಆದರೆ ಸುಳ್ಳು ಹೇಳುವುದು ಕಡಿಮೆ. ಚರ್ಚು ನಿಂತ ಜಾಗ ಅರಸರ ಕೊಡುಗೆಯೋ, ಕೊಡವ ಮನೆತನವೊಂದು ಬಿಟ್ಟುಕೊಟ್ಟ ಬಾಣೆಯೋ (ಗದ್ದೆಗೆ ಹೊಂದಿಕೊಂಡ ಕಾಡುಜಾಗ), ತೋಟದ ದೊರೆಗಳು ಕೂಲಿಕಾರರಿಗಾಗಿ ಕೊಟ್ಟ ತುಂಡೋ ಎಂಬುದು ಊರಿನ ಸಂಬಂಧಗಳನ್ನೇ ತೋರಿಸುತ್ತದೆ. ಸರ್ವೆ ನಂಬರ್ ಹಿಡಿದು ಪಹಣಿಯಿಂದ ಹಿಂದಕ್ಕೆ ಹೋಗಬೇಕು. 1834ರಿಂದ ಕೊಡಗು ಬ್ರಿಟಿಷರ ಅಡಿಯಲ್ಲೂ ಸ್ವಾತಂತ್ರ್ಯಾನಂತರವೂ ಪ್ರತ್ಯೇಕ ಆಡಳಿತದಲ್ಲಿದ್ದು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದುದರಿಂದ ಹಳೆಯ ಕಡತಗಳು ಮಡಿಕೇರಿ, ಬೆಂಗಳೂರುಗಳ ನಡುವೆ ಹಂಚಿಹೋಗಿರುತ್ತವೆ. ನೆರೆಯ ಅನ್ಯಧರ್ಮೀಯ ಮನೆತನವೊಂದು ಜಾಗವನ್ನೋ ಮರವನ್ನೋ ಕೊಟ್ಟಿದ್ದರೆ ಅದನ್ನು ಹೆಸರಿಸಿ ಬರೆಯಬೇಕು, ಅವರ ಒಪ್ಪಿಗೆ ಪಡೆದು. ಕೃತಜ್ಞತೆಯ ಈ ಸಾಲು ಇಲ್ಲದ ಇತಿಹಾಸ ಅಪೂರ್ಣವೆಂದೇ ನನ್ನ ಅಭಿಪ್ರಾಯ.

ಕಟ್ಟಡವನ್ನೂ ಓದಬಹುದು. ಮಾಡಿನ ಹೆಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಮುದ್ರೆ ಸಿಗುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆಯೇ ಈ ಹೆಂಚುಗಳು ಬಳಕೆಗೆ ಬಂದವು. ಆದರೆ ಹೆಂಚು ಹೇಳುವುದು ಮಾಡಿನ ವಯಸ್ಸನ್ನು, ಗೋಡೆಯದನ್ನಲ್ಲ. ಗಂಟೆಯ ಅಂಚಿನಲ್ಲಿ ಎರಕ ಹೊಯ್ದವರ ಊರು, ವರ್ಷ, ದಾನಿಗಳ ಹೆಸರು ಇರುವುದುಂಟು. ಪೀಠದ ಹಿಂದಿನ ಗೋಡೆಯಲ್ಲಿ ಹಳೆಯ ಪೀಠದ ಗುರುತುಗಳಿದ್ದರೆ, 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಗುರುಗಳು ಜನರಿಗೆ ಮುಖಮಾಡಿ ಪೂಜೆ ಅರ್ಪಿಸತೊಡಗಿದಾಗ ಆದ ಬದಲಾವಣೆ ಅದೆಂದು ಊಹಿಸಬಹುದು. ಸಮಾಧಿ ಕಲ್ಲುಗಳ ಪಾಚಿಯನ್ನು ನೀರು ಮತ್ತು ಮೆತ್ತನೆಯ ಬ್ರಷ್‌ನಿಂದ ಮಾತ್ರ ತೆಗೆಯಬೇಕು, ಆಸಿಡ್ ಸೋಕಿಸಬಾರದು; ಸಂಜೆ ಟಾರ್ಚನ್ನು ಬದಿಯಿಂದ ಹಿಡಿದರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ.

ಹಿರಿಯರನ್ನು ಮಾತನಾಡಿಸುವಾಗ ‘ಯಾವ ಇಸವಿ?’ ಎಂದು ಕೇಳಬಾರದು. ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಕಾಲವೋ ಕನ್ನಡಕ್ಕೆ ಬಂದ ಮೇಲೋ, ಕೊಡಗು ಮೈಸೂರಿಗೆ ಸೇರುವ ಮುನ್ನವೋ ಅನಂತರವೋ, ಹಾರಂಗಿ ಅಣೆಕಟ್ಟೆ ಕಟ್ಟುವ ಮೊದಲೋ ಎಂದು ಕೇಳಿದರೆ ಉತ್ತರ ನಿಖರವಾಗಿ ಬರುತ್ತದೆ. ಅಜ್ಜಿಯಂದಿರನ್ನು ಅವರ ಮನೆಯ ಭಾಷೆಯಲ್ಲೇ, ಕೊಂಕಣಿಯೋ ಮಲಯಾಳವೋ ತಮಿಳೋ ತುಳುವೋ, ಮಾತನಾಡಲು ಬಿಡಬೇಕು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನವರ ಜನನದ ಹಬ್ಬ) ಹೊಸ ತೆನೆ ಹಂಚುವ ಕ್ರಮ ಇಲ್ಲಿ ಹೇಗೆ ಉಳಿಯಿತು, ಕರಾವಳಿಗಿಂತ ತಡವಾಗಿ ಪೈರು ಕಟ್ಟುವ ಈ ನಾಡಿನಲ್ಲಿ ತೆನೆ ಎಲ್ಲಿಂದ ತರುತ್ತಿದ್ದರು ಎಂಬಂಥ ಪ್ರಶ್ನೆಗಳು ನಾಲ್ಕು ದಫ್ತರುಗಳು ಹೇಳದ್ದನ್ನು ಹೇಳಿಸುತ್ತವೆ. ಮಾತನ್ನು ಧ್ವನಿಮುದ್ರಿಸಿಕೊಳ್ಳುವಾಗ ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು, ಅಚ್ಚಿಗೆ ಹೋಗುವ ಭಾಗವನ್ನು ಅವರಿಗೆ ಓದಿ ಹೇಳಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಸ್ಮರಣ ಸಂಚಿಕೆಗಳಲ್ಲಿ ಬಿಷಪ್ಪರು, ಗುರುಗಳು, ದೊಡ್ಡ ದಾನಿಗಳು ಇರುತ್ತಾರೆ. ಸಾಲು ಬಿಡಾರಗಳಾದ ಲೈನ್ ಮನೆಗಳಿಂದ ಮೈಲುಗಟ್ಟಲೆ ನಡೆದು ಭಾನುವಾರದ ಪೂಜೆಗೆ ಬರುತ್ತಿದ್ದ ತೋಟದ ಕಾರ್ಮಿಕರು, ಗುರುಗಳಿಲ್ಲದ ದಿನಗಳಲ್ಲಿ ಜಪ ಹೇಳಿಸಿ ಮಕ್ಕಳಿಗೆ ಪಾಠ ಕಲಿಸಿದ ಉಪದೇಶಿಗಳು, ಅಡಿಗಲ್ಲಿಗೆ ಮಣ್ಣು ಹೊತ್ತ ಹೆಂಗಸರು ಇರುವುದಿಲ್ಲ. ಕಟ್ಟಡ ನಿಧಿಯ ಲೆಕ್ಕದ ಪುಸ್ತಕದಲ್ಲಿ ದುಡ್ಡಿನ ಬದಲು ಶ್ರಮದಾನ ಮಾಡಿದವರ ಹೆಸರುಗಳು ಸಿಕ್ಕರೆ ಅವನ್ನು ಪೂರ್ತಿಯಾಗಿ ಅಚ್ಚು ಹಾಕಿಸಿ. ದಾನಿಗಳ ಭಾವಚಿತ್ರಕ್ಕೆ ಒಂದು ಪುಟ ಕಡಿಮೆಯಾದರೂ ಚಿಂತೆಯಿಲ್ಲ.

ಹಾಗೆಂದು ಕಂಡುದನ್ನೆಲ್ಲ ಪ್ರಕಟಿಸಬಾರದು. ದತ್ತು, ವಿವಾಹದ ಹೊರಗೆ ಹುಟ್ಟಿದ ಮಗು, ಮತಾಂತರ, ಜಾತಿಯ ನಮೂದು ಇವೆಲ್ಲ ದಫ್ತರುಗಳಲ್ಲಿ ಇರುತ್ತವೆ. ಬದುಕಿರುವವರಿಗೂ ಅವರ ಮಕ್ಕಳಿಗೂ ನೋವಾಗುವ ವಿವರವನ್ನು ಹೆಸರಿನೊಂದಿಗೆ ಬರೆಯುವ ಹಕ್ಕು ಧರ್ಮಗುರುಗಳ ಅನುಮತಿಯಿಂದ ಬರುವುದಿಲ್ಲ.

ವಿವಾದದ ಸಂಗತಿಗಳನ್ನು ಬರೆಯುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. 1784ರ ಸೆರೆಯಾಳುಗಳ ಸಂಖ್ಯೆಯನ್ನು ಬೇರೆ ಬೇರೆ ಮೂಲಗಳು 30,000ದಿಂದ 80,000ದವರೆಗೆ ಹೇಳುತ್ತವೆ. ತಮಗೆ ಹಿಡಿಸಿದ ಒಂದನ್ನು ಆರಿಸಿಕೊಳ್ಳದೆ ಅಂತರವನ್ನೇ ಓದುಗರ ಮುಂದಿಡಬೇಕು. ದೊಡ್ಡ ವೀರರಾಜೇಂದ್ರನ ಆಜ್ಞೆಯಂತೆ ರಚಿತವಾದ ರಾಜೇಂದ್ರನಾಮೆಯನ್ನು ಆಧಾರವಾಗಿ ಬಳಸುವಾಗ ಅದು ಅರಸನದೇ ಕಡೆಯ ಚರಿತ್ರೆಯೆಂಬುದನ್ನು ಮರೆಯಬಾರದು. ನಮಗೆ ಹಿತವಾಗದ ಸಂಗತಿಗಳನ್ನೂ ಅದೇ ನೇರತನದಿಂದ ಬರೆಯಬೇಕು: ಮಡಿಕೇರಿ ಕೋಟೆಯೊಳಗೆ ಈಗ ಸರಕಾರಿ ವಸ್ತುಸಂಗ್ರಹಾಲಯವಾಗಿರುವ ಸೇಂಟ್ ಮಾರ್ಕ್ಸ್ ಚರ್ಚನ್ನು ಬ್ರಿಟಿಷರು ಕಟ್ಟಿದ್ದು ವೀರಭದ್ರ ದೇವಸ್ಥಾನವನ್ನು ತೆಗೆಸಿದ ಜಾಗದಲ್ಲಿ. ಕರಾವಳಿಯ ಚರ್ಚುಗಳು ಉರುಳಿದ್ದನ್ನು ಬರೆಯುವ ಕೈ ಇದನ್ನೂ ಬರೆಯಬೇಕು. ಇನ್ನು ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ಇಂಗ್ಲೆಂಡಿನಲ್ಲಿ ಜ್ಞಾನಸ್ನಾನ ಪಡೆದ ಕಥೆಯನ್ನು ಹಲವರು ಎಲ್ಲ ಚರ್ಚುಗಳ ಇತಿಹಾಸಕ್ಕೂ ತುರುಕುತ್ತಾರೆ; ನಿಮ್ಮ ಊರಿಗೆ ಅದರ ನಂಟಿಲ್ಲದಿದ್ದರೆ ಬಿಟ್ಟುಬಿಡಿ.

ಬರೆಯುವಾಗ ಪ್ರತಿ ಸಂಗತಿಯ ಬೆನ್ನಿಗೆ ಅದು ನಿಮಗೆ ಹೇಗೆ ತಿಳಿಯಿತೆಂಬುದನ್ನು ವಾಕ್ಯದೊಳಗೇ ಸೇರಿಸಿ: ‘ಮರಣ ಪುಸ್ತಕದ ಪ್ರಕಾರ’, ‘ಗಂಟೆಯ ಮೇಲಿನ ಬರಹದಂತೆ’, ‘ಹಿರಿಯರು ಹೇಳುವಂತೆ’. ಎರಡು ಆಧಾರಗಳು ಬೇರೆ ಬೇರೆ ಹೇಳಿದರೆ ಎರಡನ್ನೂ ಕೊಟ್ಟು, ನಿಮಗೆ ಯಾವುದು ಸರಿ ಕಾಣುತ್ತದೆ, ಏಕೆ ಎಂಬುದನ್ನು ತಿಳಿಸಿ. ಅಚ್ಚಿಗೆ ಕೊಡುವ ಮೊದಲು ಕರಡನ್ನು ಬೇರೆ ಬೇರೆ ವಾರ್ಡುಗಳ ಗುರಿಕಾರರ (ಮುಖಂಡರ) ಕೈಗೆ ಕೊಟ್ಟು, ಹೆಸರು ಊರುಗಳ ತಪ್ಪುಗಳನ್ನು ತಿದ್ದಿಸಿಕೊಳ್ಳಿ. ಪುಸ್ತಕವಾದ ಮೇಲೆ ಅದರ ಒಂದು ಪ್ರತಿ, ದಫ್ತರುಗಳ ಚಿತ್ರಗಳು, ಹಿರಿಯರ ಮಾತಿನ ಧ್ವನಿಮುದ್ರಣ ಇವಿಷ್ಟನ್ನೂ ಚರ್ಚಿನಲ್ಲಿ ಒಂದು, ಬಿಷಪ್ ಕಚೇರಿಯಲ್ಲಿ ಒಂದು, ಘಟ್ಟದ ಕೆಳಗಿನ ಯಾವುದಾದರೂ ಗ್ರಂಥಾಲಯದಲ್ಲಿ ಒಂದು ಹೀಗೆ ಮೂರು ಕಡೆ ಇರಿಸಿ. ಪುಸ್ತಕದ ಕೊನೆಗೆ, ಮುಂದೆ ಸಿಗುವ ತಿದ್ದುಪಡಿಗಳನ್ನು ಬರೆದಿಡಲು ನಾಲ್ಕು ಖಾಲಿ ಹಾಳೆಗಳನ್ನು ಸೇರಿಸಿ ಹೊಲಿಸಿ.